ಚೆನ್ನಾಗಿ ಕಾಣುವವಳು

ಡಾಕ್ಟರ ಹತ್ತಿರ ಹೋಗುವುದಕ್ಕೂ ಮೈಯಲ್ಲಿ ಒಂದಿಷ್ಟು ಆರೋಗ್ಯ ಇರಬೇಕು ಎಂದು ಯಾರಾದರೂ ತಮಾಷೆಗೆ ಅಂದರೆ ಕತ್ತರಿಯಕ್ಕನಿಗೆ ನಗು ಬರುತ್ತಿರಲಿಲ್ಲ. ಸೋಮವಾರ ಆಸ್ಪತ್ರೆಗೆ ಹೋಗಬೇಕಿದ್ದರೆ ಅದರ ಹಿಂದಿನ ವಾರವಿಡೀ ಅವಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ತಲೆ ಬಾಚುತ್ತಿರಲಿಲ್ಲ, ಫೋನು ಎತ್ತುತ್ತಿರಲಿಲ್ಲ, ತಂಗಿ ಏನಾದರೂ ಕೇಳಿದರೆ ಬೆರಳಲ್ಲೇ ಹೂಂ, ಉಹೂಂ. ಹಾಗೆ ಹನಿ ಹನಿಯಾಗಿ ಕೂಡಿಟ್ಟ ಶಕ್ತಿಯನ್ನೆಲ್ಲ ಒಂದೇ ಬೆಳಿಗ್ಗೆ ಸುರಿದು, ತಲೆ ಬಾಚಿ, ತಾನೇ ಹೊಲಿದ ಬೂದುಬಣ್ಣದ ಕೋಟು ತೊಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಆದರೆ ಅರ್ಧ ಆಯಸ್ಸು ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿದ ಹೆಂಗಸು ಕೆದರಿದ ತಲೆಯಲ್ಲಿ, ಸುಕ್ಕು ಬಟ್ಟೆಯಲ್ಲಿ ನಾಲ್ಕು ಜನರೆದುರು ಹೋಗಿ ಕೂರುವುದುಂಟೇ? ಅವಳಿಂದ ಅದಾಗಲಿಲ್ಲ. ಅವಳು ಮಾಡಿದ ತಪ್ಪು ಅದೊಂದೇ.

ಕತ್ತರಿಯಕ್ಕ ಎಂದು ಹೆಸರಿಟ್ಟದ್ದು ಅಂಗಡಿಯವರು. ಕೈಯಲ್ಲಿನ ಕತ್ತರಿಗೋ ಬಾಯಲ್ಲಿನ ಕತ್ತರಿಗೋ ಎಂದು ಕೇಳಿದರೆ ಅವರೂ ಹೇಳಲಾರರು. ಸೊಂಟದ ಅಳತೆ ಕೊಡಲು ಬಂದು ಉಸಿರು ಬಿಗಿಹಿಡಿದು ನಿಂತ ಗಿರಾಕಿಗೆ, “ಉಸಿರು ಬಿಡಿ ಸಾರ್, ಪ್ಯಾಂಟು ಹಾಕ್ಕೊಂಡ ಮೇಲೆ ಊಟ ಮಾಡೋದಿಲ್ವಾ ನೀವು?” ಎನ್ನುವಂಥವಳು. ಒಂದು ವರ್ಷ ಅಂಗಡಿಯವರಿಗೆಲ್ಲ ಸಾಲಾಗಿ ಜ್ವರ ಬಂತು. ಎಲ್ಲರೂ ಎದ್ದರು, ಇವಳು ಏಳಲಿಲ್ಲ. ಜ್ವರ ಹೋಯಿತು, ಹೋಗುವಾಗ ಇವಳ ಮೈಯನ್ನೂ ಹೊತ್ತುಕೊಂಡು ಹೋಯಿತು. ಒಂದು ಅಂಗಿ ಕತ್ತರಿಸಿದರೆ ಮಾರನೇ ದಿನ ಮಂಚದಿಂದ ಕಾಲು ಕೆಳಗಿಡಲಾಗದು. ಬೆಳಕು ಚುಚ್ಚುವುದು, ಪಾತ್ರೆ ಸದ್ದಿಗೆ ಹಲ್ಲು ಜುಮ್ಮೆನ್ನುವುದು, ಬಾಯಿಗೆ ಬಂದ ಮಾತು ನಡುದಾರಿಯಲ್ಲೇ ಕಳೆದುಹೋಗುವುದು. ರಕ್ತ ನೋಡಿದರು, ಎದೆ ನೋಡಿದರು, ತಲೆಯ ಫೋಟೋ ತೆಗೆದರು. ಎಲ್ಲ ಚೆನ್ನಾಗಿದೆ, ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂದರು. ಕೊನೆಗೊಬ್ಬರು ಮಾತ್ರ ಇದು ದೀರ್ಘಕಾಲದ ಸುಸ್ತಿನ ಕಾಯಿಲೆ ಎಂದು ಹೆಸರು ಹೇಳಿದರು.

“ಸುಸ್ತಂತೆ ಸುಸ್ತು,” ಎಂದಳು ಕತ್ತರಿಯಕ್ಕ. “ಮುಳುಗ್ತಾ ಇರೋನಿಗೆ, ನಿಂಗೆ ಒದ್ದೆ ಕಾಯಿಲೆ ಕಣಪ್ಪಾ ಅಂದ ಹಾಗಾಯ್ತು.”

ಮನೆಯಲ್ಲಿ ಇದ್ದದ್ದು ಅವಳು ಮತ್ತು ತಂಗಿ. ತಂಗಿ ಬೇಕರಿಯಲ್ಲಿ ಗಿರಾಕಿಗಳಿಗೆ ಬ್ರೆಡ್ಡು ಕಟ್ಟಿಕೊಡುವ ಕೆಲಸದವಳು. ದಿನವಿಡೀ ನಿಂತು, ಸಂಜೆ ಬಂದು ಅಡುಗೆ ಮಾಡಿ, ಅಕ್ಕನ ಬಾಯಿಗೂ ಇಟ್ಟು ಮಲಗುತ್ತಿದ್ದಳು. ಕೆಟ್ಟವಳಲ್ಲ. ಆದರೆ ದಣಿದ ಜೀವ, ಒಮ್ಮೊಮ್ಮೆ ನಾಲಿಗೆ ಜಾರುತ್ತಿತ್ತು. “ಆಸ್ಪತ್ರೆಗೆ ಹೊರಟಾಗ ಮದುವೆ ಹೆಣ್ಣಿನ ಹಾಗೆ ಇರ್ತೀಯಲ್ಲಕ್ಕಾ. ಮನೇಲಿ ಮಾತ್ರ ಯಾಕೆ ಹಿಂಗೆ?” ಎಂದುಬಿಟ್ಟಿದ್ದಳು ಒಮ್ಮೆ. ಆ ಮಾತು ಕತ್ತರಿಯಕ್ಕನ ಎದೆಯಲ್ಲಿ ಮುರಿದ ಸೂಜಿಯಂತೆ ಉಳಿದಿತ್ತು.

ಈ ಕಾಯಿಲೆಯ ಮೇಲೆ ದೊಡ್ಡಾಸ್ಪತ್ರೆಯಲ್ಲಿ ಸಂಶೋಧನೆ ನಡೆಸುತ್ತಾರೆಂದು ಕೇಳಿ ಹೋಗಿ ಸೇರಿಕೊಂಡವಳು ಅವಳೇ. ಅಂತೂ ನಮ್ಮನ್ನೂ ಕೇಳುವವರು ಸಿಕ್ಕಿದರು ಅನ್ನಿಸಿತ್ತು. ಮೇಲಿನ ಮಹಡಿಯಲ್ಲಿ ಉದ್ದನೆಯ ಕೋಣೆ, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಗಾಜಿನಾಚೆ ನಿಂತಲ್ಲೇ ನಡೆಸುವ ಪಟ್ಟಿಯ ಯಂತ್ರಗಳು. ಅಲ್ಲಿನ ಡಾಕ್ಟರಮ್ಮ ಮೆದುಮಾತಿನವಳು, ನಕ್ಕರೆ ಗಲ್ಲದಲ್ಲಿ ಗುಳಿ. “ನಿಮ್ಮ ಮೈ ನಡೆಯೋದನ್ನ ಮರೆತುಬಿಟ್ಟಿದೆ ಅಷ್ಟೇ. ವಾರ ವಾರ ಸ್ವಲ್ಪ ಸ್ವಲ್ಪ ಜಾಸ್ತಿ ನಡೆದು ನೆನಪು ಮಾಡಿಸೋಣ,” ಎನ್ನುತ್ತಿದ್ದಳು. ಕತ್ತರಿಯಕ್ಕ ನಡೆದಳು. ನಡೆದ ದಿನ ಏನೂ ಆಗುತ್ತಿರಲಿಲ್ಲ. ಅದರ ಮರುದಿನವೋ ಮೂರನೇ ದಿನವೋ ಬಿದ್ದರೆ ಬಿದ್ದಳೇ. ಅವಳು ಬಿದ್ದದ್ದನ್ನು ನೋಡಲು ಡಾಕ್ಟರಮ್ಮ ಮನೆಗೆ ಬರುವವಳಲ್ಲ. ಅವಳು ನೋಡುತ್ತಿದ್ದದ್ದು ಮುಂದಿನ ಸಲ ಮತ್ತೆ ಕೂಡಿಟ್ಟುಕೊಂಡು, ಬಾಚಿಕೊಂಡು, ಕೋಟು ತೊಟ್ಟು ಬಂದವಳನ್ನು. “ಎಷ್ಟು ಚೆನ್ನಾಗಿ ಕಾಣ್ತಾ ಇದ್ದೀರಿ ನೋಡಿ,” ಎನ್ನುತ್ತಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರು ಡ್ರಿಲ್ ಮೇಷ್ಟ್ರು. ಶಾಲೆಯ ಮಕ್ಕಳನ್ನು ಮೈದಾನದ ಸುತ್ತ ಓಡಿಸುತ್ತಿದ್ದ ಮನುಷ್ಯ. “ಎಷ್ಟು ಮಕ್ಕಳ ಶಾಪ ತಟ್ಟಿದೆಯೋ ಏನೋ, ಈಗ ನನ್ನನ್ನ ಓಡಿಸ್ತಿದ್ದಾರೆ,” ಎಂದು ಪಿಸುಗುಟ್ಟುತ್ತಿದ್ದರು. ಅವರೂ ವಾರವಿಡೀ ಮಲಗಿ ಕೂಡಿಟ್ಟುಕೊಂಡೇ ಬರುವವರು. ಅಲ್ಲಿದ್ದವರೆಲ್ಲರೂ ಹಾಗೆಯೇ. ಗಡ್ಡ ಬೋಳಿಸಿ, ಬೂಟಿಗೆ ಪಾಲಿಶ್ ಹಾಕಿ, ಪೌಡರು ಹಚ್ಚಿ, ಒಂದು ಕೋಣೆ ತುಂಬ ರೋಗಿಗಳು, ನೋಡಿದರೆ ಒಬ್ಬರಿಗೂ ರೋಗವಿಲ್ಲ.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬಂದ ಕತ್ತರಿಯಕ್ಕ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಮಂಚದ ಮೇಲೆ ಉರುಳಿಕೊಂಡಳು. ಕಣ್ಣು ಮುಚ್ಚುವ ಮೊದಲು ಗೋಡೆಯ ಕಡೆ ನೋಡಿದವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಖಾಲಿ ಕೋಟು ಗೂಟದಲ್ಲಿ ಹೇಗೆ ಜೋಲುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೆಗಲು ಇಳಿಯಬೇಕು, ಬೆನ್ನು ಒಳಕ್ಕೆ ಸರಿಯಬೇಕು, ತೋಳು ಚಪ್ಪಟೆಯಾಗಬೇಕು. ಈ ಕೋಟಿನ ಹೆಗಲು ಇಳಿದಿರಲಿಲ್ಲ. ಎದೆಯ ಭಾಗ ತುಂಬಿಕೊಂಡೇ ಇತ್ತು, ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತಿತ್ತು. ತಲೆ ಕೆಟ್ಟಿದೆ ನಂದು ಎಂದುಕೊಂಡು ಮಗ್ಗುಲಾದಳು. ಆ ಸಲ ಬಿದ್ದವಳಿಗೆ ಎದ್ದು ಕೂರಲು ಮೊದಲಿಗಿಂತ ಬಹಳ ಕಾಲ ಹಿಡಿಯಿತು.

ಮತ್ತೆ ಹೋದಾಗ ಮೇಷ್ಟ್ರ ಕುರ್ಚಿಯಲ್ಲಿ ಹೊಸಬಳೊಬ್ಬಳು ಕೂತಿದ್ದಳು. ಖಾಕಿ ಸಮವಸ್ತ್ರದ ಬಸ್ ಕಂಡಕ್ಟರ್, ಮುಂದಿನ ತಂಡಕ್ಕೆ ಸೇರಲು ಬಂದವಳು. ಡ್ಯೂಟಿಯಲ್ಲಿ ಬಿದ್ದಳಂತೆ, ಆಮೇಲೆ ನಿಲ್ಲಲಾಗುತ್ತಿಲ್ಲವಂತೆ. “ಇಲ್ಲಿ ವಾಸಿ ಆಗುತ್ತಾ ಅಕ್ಕಾ? ಮನೇಲಿ ಎರಡು ಮಕ್ಕಳಿವೆ,” ಎಂದು ಕೇಳಿದಳು. ಕತ್ತರಿಯಕ್ಕ ಹೂಂ ಅನ್ನಲಾರದೆ, ಉಹೂಂ ಅನ್ನಲಾರದೆ, ಮೇಷ್ಟ್ರು ಎಲ್ಲಿ ಎಂದು ಡಾಕ್ಟರಮ್ಮನನ್ನು ಕೇಳಿದಳು.

“ಅವರಿಗೇನು, ಭರ್ಜರಿಯಾಗಿದ್ದಾರೆ. ಗುರುವಾರದ ಗುಂಪಿಗೆ ಹಾಕಿದ್ದೀನಿ, ಈಗ ಓಡ್ತಾರೆ,” ಎಂದಳು ಡಾಕ್ಟರಮ್ಮ. ಆಮೇಲೆ ಎಲ್ಲರ ಕಡೆ ತಿರುಗಿ, “ನಿಮ್ಮ ತಂಡದ ಸಂಶೋಧನೆ ಮುಗೀತಾ ಬಂತು. ಕೊನೇ ದಿನ ನೀವೆಲ್ಲ ನಿಮ್ಮ ಬಾಯಿಂದಲೇ ಹೇಳ್ಬೇಕು, ಇದರಿಂದ ಗುಣ ಆಯ್ತೋ ಇಲ್ವೋ ಅಂತ. ಹೂಂ ಅಂದ್ರೆ ಇದೇ ಚಿಕಿತ್ಸೆ ಎಲ್ಲ ಆಸ್ಪತ್ರೆಗೂ ಹೋಗುತ್ತೆ,” ಎಂದಳು.

ಮೇಷ್ಟ್ರ ಮನೆ ಅವಳು ಹೋಗುವ ದಾರಿಯಲ್ಲೇ ಇತ್ತು. ಓಡುವ ಮೇಷ್ಟ್ರನ್ನು ನೋಡಿ, ಗುಟ್ಟೇನೆಂದು ಕೇಳಿ ಬರೋಣ ಎಂದು ಟ್ಯಾಕ್ಸಿ ನಿಲ್ಲಿಸಿದಳು. ಬಾಗಿಲು ತೆಗೆದ ಹೆಂಡತಿ ಬಾಯಿಯ ಮೇಲೆ ಬೆರಳಿಟ್ಟು ಒಳಗೆ ಕರೆದಳು. ಕಿಟಕಿಗೆ ಮೊಳೆ ಹೊಡೆದು ಕಂಬಳಿ ಕಟ್ಟಿದ್ದರು. ಆ ಕತ್ತಲಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ್ದ ಮನುಷ್ಯನನ್ನು ಕತ್ತರಿಯಕ್ಕ ಹತ್ತಿರ ಹೋಗಿ ನೋಡಿದಳು. ಅದು ಮೇಷ್ಟ್ರು. ಮುಖ ಒಳಗೆ ಸೇರಿಹೋಗಿತ್ತು.

“ಮಂಚ ಬಿಟ್ಟು ಎದ್ದೇ ಇಲ್ಲ ಇವರು,” ಎಂದಳು ಹೆಂಡತಿ, ಉಸಿರಿನಷ್ಟೇ ದನಿಯಲ್ಲಿ. “ಚಮಚದಲ್ಲಿ ಹಾಲು ಹಾಕ್ತೀನಿ. ಗುರುವಾರ ಗುರುವಾರ ಆಸ್ಪತ್ರೆಯಿಂದ ಫೋನು ಬರುತ್ತೆ, ನಿಮ್ಮ ಯಜಮಾನ್ರು ಇವತ್ತು ಬಹಳ ಚೆನ್ನಾಗಿ ಓಡಿದ್ರು ಅಂತ. ಇಲ್ಲೇ ಬಿದ್ದಿದಾರೆ ಕಣ್ರೀ ಅಂದ್ರೆ ಆ ಕಡೆಯೋರು ನಗ್ತಾರೆ.”

ಮೇಷ್ಟ್ರು ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗಿತು. ಕತ್ತರಿಯಕ್ಕ ಬಗ್ಗಿ ಕಿವಿಗೊಟ್ಟಳು.

“ನಾವೇ ಮಾಡಿ ಕಳಿಸಿದ್ದು ಅವನನ್ನ, ಆ ಚೆನ್ನಾಗಿ ಕಾಣೋನನ್ನ,” ಎಂದರು ಮೇಷ್ಟ್ರು. ಮುಂದಿನ ಮಾತಿಗೆ ಬಹಳ ಹೊತ್ತು ಕಾಯಬೇಕಾಯಿತು. “ಅವನಿಗೆ ಸುಸ್ತಾಗಲ್ಲ. ಅವನು ಓಡಿದ್ದೆಲ್ಲ ನನ್ನ ಮೈಗೆ ಬರುತ್ತೆ.”

ಆ ದಿನ ಮನೆ ಸೇರಿದವಳು ಮತ್ತೆ ಏಳಲಿಲ್ಲ. ಮುಂದಿನ ಭೇಟಿಗೆ ಕೂಡಿಡಲು ಏನೂ ಉಳಿದಿರಲಿಲ್ಲ. ಸೋಮವಾರ ಬಂತು, ಅವಳು ಅಲ್ಲಾಡದೆ ಬಿದ್ದಿದ್ದಳು. ಸಂಜೆ ಬೇಕರಿಯಿಂದ ಬಂದ ತಂಗಿ ಚೀಲವನ್ನು ಮೂಲೆಗೆ ಎಸೆದು ಬಾಗಿಲಲ್ಲಿ ನಿಂತಳು. ಅವಳ ಮುಖ ಕೆಂಪೇರಿತ್ತು.

“ಆಸ್ಪತ್ರೆಯೋರು ಬೇಕರಿಗೆ ಫೋನ್ ಮಾಡಿದ್ರು. ನಿಮ್ಮಕ್ಕ ಬಂದು ಬಹಳ ಚೆನ್ನಾಗಿ ನಡೆದ್ರು, ಗುರುವಾರದ ಗುಂಪಿಗೆ ಹಾಕ್ತೀವಿ ಅಂದ್ರು. ನಾನು ನಿನ್ನ ಬಾಯಿಗೆ ತುತ್ತಿಡ್ತೀನಿ, ನಿನ್ನ ತಲೆ ತೊಳೀತೀನಿ. ನಾನು ಆ ಕಡೆ ಹೋದ್ರೆ ನೀನು ಈ ಕಡೆ ಎದ್ದು ಓಡಾಡ್ತೀಯ. ಯಾಕಕ್ಕಾ ಹಿಂಗೆ ಮಾಡ್ತೀಯ ನಂಗೆ?”

ಅಳು ಬಂದರೂ ಅಳಲು ತ್ರಾಣವಿರಲಿಲ್ಲ ಕತ್ತರಿಯಕ್ಕನಿಗೆ. ಗೂಟದ ಕಡೆ ಬೆರಳು ತೋರಿಸಿದಳು. ತಂಗಿ ಹೋಗಿ ಕೋಟನ್ನು ಮುಟ್ಟಿದಳು, ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು. ಕೋಟು ಬೆಚ್ಚಗಿತ್ತು. ಆಸ್ಪತ್ರೆಯ ಸಾಬೂನಿನ ವಾಸನೆ ಹೊಡೆಯುತ್ತಿತ್ತು. ಅದನ್ನು ಕಂಡು ತಂಗಿಯ ಸಿಟ್ಟು ಇನ್ನೂ ಏರಿತು, ಅವಳ ಮಟ್ಟಿಗೆ ಅದೇ ಸಾಕ್ಷಿ. ಅಕ್ಕನ ಬೆರಳು ಮಾತ್ರ ಗಾಳಿಯಲ್ಲಿ ಬರೆಯುತ್ತಲೇ ಇತ್ತು. ಗುರುವಾರ. ಇರು. ನನ್ನ ಜೊತೆ.

ಏನಾದರಾಗಲಿ ಎಂದು ತಂಗಿ ಗುರುವಾರ ಕೆಲಸಕ್ಕೆ ಹೋಗಲಿಲ್ಲ. ಬಾಗಿಲಿಗೆ ಚಿಲಕ ಹಾಕಿ, ಮಂಚದ ಪಕ್ಕ ಸ್ಟೂಲು ಎಳೆದುಕೊಂಡು, ಕಳ್ಳಿಯನ್ನು ಹಿಡಿದವಳ ಹಾಗೆ ಅಕ್ಕನ ಕೈ ಹಿಡಿದು ಕೂತಳು. ಹೊರಗೆ ಒಳ್ಳೇ ಬಿಸಿಲು. ಮೇಲಿನ ಮನೆಯವರು ಎಲ್ಲೋ ಬಟ್ಟೆ ಒಗೆಯುವ ಸದ್ದು. ಹಾಗೇ ಕೂತು ಕೂತು ತಂಗಿಗೆ ತೂಕಡಿಕೆ ಬಂದಿರಬೇಕು. ಕಣ್ಣುಬಿಟ್ಟಾಗ ಗೂಟ ಖಾಲಿಯಿತ್ತು. ಚಿಲಕ ಹಾಕಿದಂತೆಯೇ ಇತ್ತು, ಅಕ್ಕನ ಕೈ ಅವಳ ಕೈಯಲ್ಲೇ ಇತ್ತು.

ಆಗ ಫೋನು ಬಡಿಯಿತು. ಡಾಕ್ಟರಮ್ಮನ ದನಿ ತುಂಬ ಉತ್ಸಾಹದಲ್ಲಿತ್ತು. “ನಿಮ್ಮಕ್ಕ ಈಗ ನನ್ನ ಕಣ್ಣೆದುರೇ ಓಡ್ತಾ ಇದ್ದಾರೆ ಕಣಮ್ಮ. ಎಷ್ಟು ಒಳ್ಳೆಯವರಪ್ಪ, ಏನು ಹೇಳಿದ್ರೂ ಹೂಂ ಡಾಕ್ಟ್ರೇ, ಹೂಂ ಡಾಕ್ಟ್ರೇ ಅಂತಾರೆ. ಮುಂದಿನ ಗುರುವಾರ ಕೊನೇ ದಿನ, ನೀವೂ ಬನ್ನಿ.”

ತಂಗಿ ಮಂಚದ ತುದಿಯನ್ನು ನೋಡುತ್ತಿದ್ದಳು. ಹೊದಿಕೆಯ ಕೆಳಗೆ ಅಕ್ಕನ ಮೀನಖಂಡಗಳು ಒಂದಾದ ಮೇಲೊಂದು ಬಿಗಿಯುತ್ತಿದ್ದವು, ಸಡಿಲುತ್ತಿದ್ದವು. ಎಡ, ಬಲ, ಎಡ, ಬಲ, ಓಡುವವರ ಲಯದಲ್ಲಿ. ಅಕ್ಕ ಹಲ್ಲು ಕಚ್ಚಿ ಮಲಗಿದ್ದಳು, ಕಣ್ಣ ಕೊನೆಯಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ತಂಗಿ ಫೋನನ್ನು ಕೆಳಗಿಟ್ಟು, ಎರಡೂ ಕೈಗಳಿಂದ ಆ ಕಾಲುಗಳನ್ನು ಅದುಮಿ ಹಿಡಿದಳು. ಆದರೂ ಅವು ನಿಲ್ಲಲಿಲ್ಲ. “ಜೀವಮಾನದಲ್ಲಿ ನೀನು ಯಾರಿಗಕ್ಕಾ ಒಂದೇ ಮಾತಿಗೆ ಹೂಂ ಅಂದಿದ್ದೀಯ,” ಎಂದು ಹೇಳಿ, ಅಲ್ಲೇ ಮುಖವಿಟ್ಟು ಬಿಕ್ಕಿದಳು.

ಕತ್ತರಿಯಕ್ಕ ಆವತ್ತೇ ತೀರ್ಮಾನ ಮಾಡಿದಳು. ಕೊನೆಯ ದಿನ ತನ್ನ ಬಾಯಿಂದ ಹೇಳಬೇಕಾದ್ದನ್ನು ತಾನೇ ಹೋಗಿ ಹೇಳಬೇಕು. ಹೋಗದಿದ್ದರೆ ಆ ಇನ್ನೊಬ್ಬಳು ಹೂಂ ಡಾಕ್ಟ್ರೇ ಅನ್ನುತ್ತಾಳೆ. ಅಲ್ಲಿಗೆ ಎಲ್ಲ ಆಸ್ಪತ್ರೆಯ ಎಲ್ಲ ಕುರ್ಚಿಗಳಿಂದಲೂ ಒಬ್ಬೊಬ್ಬರನ್ನೇ ಎಬ್ಬಿಸಿ ನಡೆಸುತ್ತಾರೆ. ಈ ಸಲ ಚೆನ್ನಾಗಿ ಕಾಣಿಸಿಕೊಳ್ಳುವುದು ಬೇಡ. ತಲೆ ಬಾಚುವುದು ಬೇಡ, ಬಟ್ಟೆ ಬದಲಿಸುವುದು ಬೇಡ, ಮಂಚದ ಮೇಲೆ ಹೇಗಿದ್ದೇನೋ ಹಾಗೇ ಹೋಗಬೇಕು. ಒಂದೇ ಒಂದು ಮಾತಿಗಾಗುವಷ್ಟು ದನಿ ಉಳಿದಿತ್ತು ಅವಳಲ್ಲಿ. ವಾರವಿಡೀ ಅದನ್ನು ಬಾಯಲ್ಲಿ ನೀರು ಹಿಡಿದಂತೆ ಹಿಡಿದುಕೊಂಡಿದ್ದಳು.

ಗುರುವಾರ ಟೈಲರ್ ಅಂಗಡಿಯ ಯಜಮಾನರು ಬಟ್ಟೆ ಸಾಗಿಸುವ ವ್ಯಾನು ತಂದರು. ಹಿಂದುಗಡೆ ಹಾಸಿಗೆ ಹಾಸಿ ಅವಳನ್ನು ಮಲಗಿಸಿದರು. ಅವಳನ್ನು ಎತ್ತಿಕೊಂಡಾಗ, “ಒಂದು ಥಾನು ಬಟ್ಟೆಯಷ್ಟೂ ತೂಕ ಇಲ್ಲವಲ್ಲಮ್ಮ,” ಎಂದರು. ಹೊಂಡಕ್ಕೊಮ್ಮೆ ಅವಳ ತಲೆಯಲ್ಲಿ ಸುತ್ತಿಗೆ ಬಿದ್ದಂತಾಗುತ್ತಿತ್ತು. ತಂಗಿ ಅಕ್ಕನ ಕಣ್ಣಿಗೆ ಬಟ್ಟೆ ಮುಚ್ಚಿ, ಅವಳ ಕಿವಿಯ ಮೇಲೆ ಕೈಯಿಟ್ಟು ಕೂತಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಕೇಳಿ ಪಡೆದು, ಲಿಫ್ಟಿನಲ್ಲಿ ಮೇಲಿನ ಮಹಡಿಗೆ ತಂಗಿಯೇ ತಳ್ಳಿಕೊಂಡು ಬಂದಳು.

ಉದ್ದನೆಯ ಕೋಣೆಯ ಕುರ್ಚಿಗಳಲ್ಲಿ ಹೊಸ ತಂಡದವರು ಕಾಯುತ್ತಿದ್ದರು. ಕತ್ತರಿಯಕ್ಕ ಕಣ್ಣಿನ ಮೇಲಿನ ಬಟ್ಟೆಯನ್ನು ಬೆರಳಿಂದ ಸರಿಸಿದಳು. ಗಾಜಿನಾಚೆ ಯಂತ್ರಗಳ ಮೇಲೆ ಸಾಲಾಗಿ ಓಡುತ್ತಿದ್ದರು. ಮೊದಲನೆಯವರು ಡ್ರಿಲ್ ಮೇಷ್ಟ್ರು, ಬಿಳಿ ಬನಿಯನ್ನು, ಪಾಲಿಶ್ ಹಾಕಿದ ಬೂಟು. ಅವರ ಪಕ್ಕ ಹಿಂದಿನ ತಂಡದವರೆಲ್ಲ. ಒಬ್ಬರ ಹಣೆಯಲ್ಲೂ ಬೆವರಿಲ್ಲ, ಒಬ್ಬರೂ ಏದುಸಿರು ಬಿಡುತ್ತಿಲ್ಲ. ಅವರೆಲ್ಲರ ಬಾಯಲ್ಲಿ ಒಂದೇ ಅಳತೆಯ ನಗು ಇತ್ತು.

ಡಾಕ್ಟರಮ್ಮ ತನ್ನ ಕೋಣೆಯಿಂದ ಹೊರಗೆ ಬಂದು ಸ್ಟ್ರೆಚರಿನ ಮೇಲೆ ಕಣ್ಣಾಡಿಸಿದಳು. ಗಂಟು ಕಟ್ಟಿದ ತಲೆ, ಬತ್ತಿದ ತುಟಿ, ಹಳೇ ಹೊದಿಕೆ. ಅವಳ ಮುಖದಲ್ಲಿ ನಿಜವಾದ ಮರುಕವೇ ಇತ್ತು.

“ಪಾಪ, ಯಾರಮ್ಮ ಇವರು? ಎಮರ್ಜೆನ್ಸಿ ಕೆಳಗಡೆ ಇದೆ,” ಎಂದಳು.

“ನಮ್ಮಕ್ಕ,” ಎಂದಳು ತಂಗಿ. “ನಿಮ್ಮ ಹತ್ರ ಇಷ್ಟು ದಿನ ಬರ್ತಿದ್ದೋಳು.”

“ನಿಮ್ಮಕ್ಕ ಒಳಗೆ ಕೂತಿದ್ದಾರಲ್ಲಮ್ಮ.”

ಬಾಗಿಲು ತೆರೆದೇ ಇತ್ತು. ಒಳಗಿನ ಕುರ್ಚಿಯಲ್ಲಿ ಬೂದುಬಣ್ಣದ ಕೋಟು ತೊಟ್ಟ ಹೆಂಗಸು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ತಲೆ ನುಣ್ಣಗೆ ಬಾಚಿಕೊಂಡಿದ್ದಳು, ಕೆನ್ನೆಯಲ್ಲಿ ರಕ್ತ ಓಡಾಡುತ್ತಿತ್ತು. ಜ್ವರ ಬರುವ ಮೊದಲಿನ ಕತ್ತರಿಯಕ್ಕ. ಅವಳು ಎದ್ದು ಬಾಗಿಲಿಗೆ ಬಂದಳು, ಸ್ಟ್ರೆಚರಿನ ಕಡೆ ನೋಡಲೇ ಇಲ್ಲ. ತಂಗಿಯ ಮುಖ ನೋಡಿ ನಕ್ಕಳು.

“ಬಾರೇ,” ಎಂದಳು. “ನಂದು ಮುಗೀತು, ಗುಣ ಆಯ್ತು ಅಂತ ಹೇಳಿಬಿಟ್ಟೆ. ಮನೆಗೆ ಹೋಗೋಣ. ಇನ್ಮೇಲೆ ಅಡುಗೆ ನಾನು ಮಾಡ್ತೀನಿ, ನೀನು ಕೂತ್ಕೋ. ಎಷ್ಟು ದಣಿದಿದ್ದೀಯ ನೋಡು.”

ಎಷ್ಟೋ ವರ್ಷದಿಂದ ಆ ಮಾತನ್ನು ಯಾರೂ ತಂಗಿಗೆ ಹೇಳಿರಲಿಲ್ಲ. ಸ್ಟ್ರೆಚರಿನ ಕಂಬಿಯ ಮೇಲಿದ್ದ ಅವಳ ಕೈ ಸಡಿಲವಾಯಿತು. ಒಂದು ಬೆರಳು ಬಿಟ್ಟಿತು, ಇನ್ನೊಂದು ಬಿಟ್ಟಿತು. ಕತ್ತರಿಯಕ್ಕ ಮಲಗಿದಲ್ಲಿಂದ ಅದನ್ನು ನೋಡಿದಳು. ತಂಗಿಯ ಮೇಲೆ ಸಿಟ್ಟು ಬರಲಿಲ್ಲ ಅವಳಿಗೆ. ಭಯವಾಯಿತು, ಸಣ್ಣ ಮಗುವಿಗೆ ಆಗುವಂಥ ಭಯ. ಬಾಯಲ್ಲಿ ಹಿಡಿದುಕೊಂಡಿದ್ದ ಆ ಒಂದು ಮಾತನ್ನು ಈಗ ಯಾರಿಗೆ ಹೇಳುವುದು? ಡಾಕ್ಟರಮ್ಮ ಆಗಲೇ ಪೆನ್ನಿನ ಮುಚ್ಚಳ ಹಾಕುತ್ತಿದ್ದಳು. ತಂಗಿಗೆ ಹೇಳಿದರೆ, ಬಿಟ್ಟು ಹೋಗಬೇಡ ಕಣೇ ಎಂದು ಬೇಡಿಕೊಂಡಂತೆ. ಅಷ್ಟರಲ್ಲಿ ಎದುರಿನ ಕುರ್ಚಿಯಲ್ಲಿ ಖಾಕಿ ಬಣ್ಣ ಕಾಣಿಸಿತು. ಆ ಬಸ್ ಕಂಡಕ್ಟರ್. ತಲೆಗೆ ಎಣ್ಣೆ ಹಚ್ಚಿ ಬಾಚಿ, ತುಟಿಗೆ ಬಣ್ಣ ಬಳಿದುಕೊಂಡು, ಯಂತ್ರಕ್ಕೆ ಹತ್ತುವ ಮೊದಲು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು.

ಕತ್ತರಿಯಕ್ಕ ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡಳು.

“ಏ ಕಂಡಕ್ಟ್ರಮ್ಮ, ಬೂಟು ಬಿಚ್ಚೇ ಮೊದಲು. ಮಕ್ಕಳಿಗೆ ತಾಯಿ ಬೇಕೋ, ಈ ಗಾಜಿನ ಪೆಟ್ಟಿಗೇಲಿ ಓಡೋ ಬೊಂಬೆ ಬೇಕೋ? ಸಿಂಗಾರ ಮಾಡ್ಕೊಂಡು ಬಂದಿದಾಳೆ ಸಾಯೋಕೆ. ಮನೆಗೆ ಹೋಗಿ ಮಲಕ್ಕೋ ಹೋಗು.”

ದನಿ ಹರಿದಿತ್ತು, ಆದರೆ ಅಲಗು ಮೊಂಡಾಗಿರಲಿಲ್ಲ. ಕೋಣೆಯವರೆಲ್ಲ ತಿರುಗಿ ನೋಡಿದರು. ಕಂಡಕ್ಟರಮ್ಮನ ಕೈ ದಾರದ ಮೇಲೇ ನಿಂತಿತು. ಅವಳು ಸ್ಟ್ರೆಚರಿನ ಮೇಲಿನ ಮುಖವನ್ನು ನೋಡಿದಳು, ಬಾಗಿಲಲ್ಲಿ ನಿಂತ ಮುಖವನ್ನು ನೋಡಿದಳು, ಮತ್ತೆ ಸ್ಟ್ರೆಚರಿನ ಮುಖವನ್ನೇ ನೋಡಿದಳು. ಕಟ್ಟಿದ ಗಂಟನ್ನು ಬಿಚ್ಚಿದಳು. ಬೂಟು ಕೈಯಲ್ಲಿ ಹಿಡಿದು, ಗೋಡೆ ಹಿಡಿದುಕೊಂಡು, ಬರಿಗಾಲಲ್ಲೇ ಹೊರಗೆ ನಡೆದಳು. ಅವಳ ಪಕ್ಕದವನೂ ಎದ್ದ.

ತಂಗಿಯ ಕೈ ಕಂಬಿಗೆ ಹಿಂತಿರುಗಿತ್ತು, ಮೊದಲಿಗಿಂತ ಬಿಗಿಯಾಗಿ. ಅವಳು ಸ್ಟ್ರೆಚರನ್ನು ಲಿಫ್ಟಿನ ಕಡೆ ತಿರುಗಿಸಿದಳು. “ಬಾರೇ,” ಎಂದಿತು ಹಿಂದಿನಿಂದ ಆ ದನಿ, ಒಂದಿಷ್ಟೂ ಬೇಸರವಿಲ್ಲದೆ. “ಬಾರೇ, ನಾನು ಚೆನ್ನಾಗಿದ್ದೀನಿ.” ತಂಗಿ ತಿರುಗಿ ನೋಡಲಿಲ್ಲ.

ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಅವಳು ಬಗ್ಗಿ ಅಕ್ಕನ ಕಣ್ಣಿಗೆ ಬಟ್ಟೆ ಮುಚ್ಚಿದಳು. ಕತ್ತರಿಯಕ್ಕನ ತುಟಿ ಅಲುಗಿತು, ಸದ್ದು ಬರಲಿಲ್ಲ. ಇನ್ನು ಎಷ್ಟು ದಿನ ಬರುವುದಿಲ್ಲವೋ, ಬರುತ್ತದೋ ಇಲ್ಲವೋ, ಹೇಳುವವರು ಯಾರೂ ಇರಲಿಲ್ಲ. ಹೊದಿಕೆಯ ಕೆಳಗೆ ಕಾಲುಗಳು ಮತ್ತೆ ಬಿಗಿಯಲು ಶುರುಮಾಡಿದ್ದವು. ಈ ಸಲ ಓಟದಂತಿರಲಿಲ್ಲ, ಮೆಟ್ಟಿಲಿಳಿದು ಬರುವವರ ಹಾಗಿತ್ತು.

ಹಿಂದೆಯೇ ಯಾರು ಇಳಿದು ಬರುತ್ತಿದ್ದಾರೆಂದು ತಂಗಿಗೂ ತಿಳಿಯಿತು. ಅಕ್ಕನ ಪಾದಗಳನ್ನು ಎದೆಗೆ ಒತ್ತಿಕೊಂಡು, ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು.

“ಬರಲಿ ಬಿಡಕ್ಕಾ. ನಾನು ಬಾಗಿಲು ತೆಗೆಯಲ್ಲ.”